ಇಸಿಜಿ ನಾರ್ಮಲ್ ಬಂದಿದೆ, ಇನ್ನು ಭಯ ಇಲ್ಲ ಅಲ್ವಾ ಡಾಕ್ಟ್ರೇ?

ಪ್ರಶ್ನೆ: ನನಗೆ 41 ವರ್ಷ. ಸಕಲೇಶಪುರದ ಹತ್ತಿರ ಒಂದು ಹಳ್ಳಿ. ಸ್ವಂತ ಗೂಡ್ಸ್ ಗಾಡಿ ಇದೆ, ಹಾಸನದಿಂದ ಮಂಗಳೂರಿಗೆ ಲೋಡ್ ಹೊಡೆಯುತ್ತೇನೆ. ನಮ್ಮ ತಂದೆ 53ನೇ ವಯಸ್ಸಿಗೆ ಹಾರ್ಟ್ ಅಟ್ಯಾಕ್ ಆಗಿ ತೀರಿಕೊಂಡರು. 2025ರಲ್ಲಿ ಹಾಸನದ ಹಠಾತ್ ಸಾವುಗಳ ಸುದ್ದಿ ಟಿವಿಯಲ್ಲಿ ನೋಡಿದಾಗಿನಿಂದ ಮನಸ್ಸಿಗೆ ಸಮಾಧಾನವೇ ಇಲ್ಲ. ಕ್ಯಾಂಪ್‌ನಲ್ಲಿ ಇಸಿಜಿ ಮಾಡಿಸಿದೆ, ನಾರ್ಮಲ್ ಬಂತು. ಬಿಪಿ 148/94 ಇತ್ತು, ಟೆನ್ಷನ್‌ಗೆ ಇರಬೇಕು ಅಂತ ಬಿಟ್ಟೆ. ಸಿಗರೇಟು ದಿನಕ್ಕೆ ನಾಲ್ಕೈದು, ಅಷ್ಟೇ. ಬೆಂಗಳೂರಿಗೆ ಹೋಗಿ ಫುಲ್ ಬಾಡಿ ಚೆಕಪ್, ಆಂಜಿಯೋಗ್ರಾಂ ಮಾಡಿಸಲೇ? ಕೊರೊನಾ ಲಸಿಕೆಯಿಂದಲೇ ಹೀಗಾಗುತ್ತಿದೆ ಅನ್ನುತ್ತಾರೆ, ನಿಜವೇ? ನಮ್ಮ ಮನೆಯವರು ತೆಂಗಿನಕಾಯಿ, ಕಾಫಿ ಎರಡೂ ಬಂದ್ ಮಾಡುತ್ತೇನೆ ಅನ್ನುತ್ತಿದ್ದಾರೆ. ಮಗನಿಗೆ 16 ವರ್ಷ. ಅವನಿಗೂ ತೋರಿಸಬೇಕಾ?

ಉತ್ತರ: ನೀವು ಇಸಿಜಿ ಬಗ್ಗೆ ಕೇಳಿದ್ದೀರಿ. ನನ್ನ ಕಣ್ಣು ನಿಂತಿದ್ದು ನೀವು ಬಿಟ್ಟುಬಿಟ್ಟ ಆ 148/94 ಮೇಲೆ. ನಿಮ್ಮ ಪತ್ರದಲ್ಲಿ ಯೋಚನೆ ಮಾಡಬೇಕಾದ ವಿಷಯ ಮೂರಿವೆ. ಆ ಬಿಪಿ, ಆ ನಾಲ್ಕೈದು ಸಿಗರೇಟು, ನಿಮ್ಮ ತಂದೆ ತೀರಿಕೊಂಡ ವಯಸ್ಸು. ಮೂರನೆಯದನ್ನು ಯಾರೂ ಬದಲಾಯಿಸೋಕೆ ಆಗಲ್ಲ. ಮೊದಲಿನ ಎರಡು ನಿಮ್ಮ ಕೈಯಲ್ಲೇ ಇವೆ. ಇಸಿಜಿ ಈ ಮೂರರಲ್ಲಿ ಯಾವುದರ ಬಗ್ಗೆಯೂ ಏನೂ ಹೇಳಿಲ್ಲ.

ಯಾಕೆ ಅಂತ ಹೇಳುತ್ತೇನೆ. ಇಸಿಜಿ ತೆಗೆಯುವಾಗ ಆ ಕಾಗದದ ಮೇಲೆ ಬರುವುದು ಹತ್ತು ಸೆಕೆಂಡಿನ ಲೆಕ್ಕ. ಆ ಹತ್ತು ಸೆಕೆಂಡಿನಲ್ಲಿ ಹೃದಯದ ವಿದ್ಯುತ್ ಹೇಗೆ ಓಡಾಡುತ್ತಿದೆ ಎಂದು ಅದು ತೋರಿಸುತ್ತದೆ. ಹಿಂದೆ ಯಾವಾಗಲೋ ಅಟ್ಯಾಕ್ ಆಗಿದ್ದರೆ ಅದರ ಗುರುತು ಸಿಗಬಹುದು. ಈಗ ಆಗುತ್ತಿದ್ದರೆ ಹೆಚ್ಚಿನ ಸಲ ಗೊತ್ತಾಗುತ್ತದೆ. ಮುಂದಿನ ತಿಂಗಳು ಆಗುತ್ತದೋ ಇಲ್ಲವೋ ಅನ್ನುವುದು ಅದಕ್ಕೆ ಗೊತ್ತಿಲ್ಲ. ರಕ್ತನಾಳದ ಒಳಗೆ ಕೊಬ್ಬು ಕೂತಿದ್ದರೂ ರಕ್ತ ಸರಾಗವಾಗಿ ಹರಿಯುತ್ತಿದ್ದರೆ ಇಸಿಜಿ ನಾರ್ಮಲ್ ಆಗಿಯೇ ಬರುತ್ತದೆ. ಇನ್ನೊಂದು ವಿಷಯ. ಎಷ್ಟೋ ಅಟ್ಯಾಕ್‌ಗಳು ನಾಳ ಅರ್ಧ ಕೂಡ ಮುಚ್ಚದೆ ಇರುವ ಜಾಗದಲ್ಲೇ ಆಗುತ್ತವೆ. ಅಲ್ಲಿ ಕೂತ ಕೊಬ್ಬಿನ ಮೇಲಿನ ತೆಳು ಪದರ ಬಿರಿಯುತ್ತದೆ. ಅದರ ಮೇಲೆ ರಕ್ತ ಹೆಪ್ಪುಗಟ್ಟುತ್ತದೆ. ಕೆಲವೇ ನಿಮಿಷದಲ್ಲಿ ದಾರಿ ಮುಚ್ಚಿಹೋಗುತ್ತದೆ. "ನಿನ್ನೆ ತಾನೇ ಚೆಕಪ್ ಮಾಡಿಸಿದ್ದರು, ಇವತ್ತು ಹೀಗಾಯ್ತು" ಅನ್ನುವ ಮಾತಿನ ಹಿಂದೆ ಹೆಚ್ಚಾಗಿ ಇರುವುದು ಇದೇ.

ಹಾಗಾಗಿ ಆಂಜಿಯೋಗ್ರಾಂ ವಿಷಯಕ್ಕೂ ನನ್ನ ಉತ್ತರ ಸ್ಪಷ್ಟ. ಬೇಡ. ಅದು ತೊಂದರೆ ಇರುವವರಿಗೆ ಮಾಡುವ ಪರೀಕ್ಷೆ. ಸುಮ್ನೆ ಇರಲಿ ಅಂತ ಮಾಡಿಸುವ ಚೆಕಪ್ ಅಲ್ಲ. ಕೈ ಅಥವಾ ತೊಡೆಯ ರಕ್ತನಾಳದಿಂದ ಕೊಳವೆ ಹಾಕಿ, ಬಣ್ಣದ ಔಷಧಿ ಬಿಟ್ಟು, ಎಕ್ಸ್‌ರೇಯಲ್ಲಿ ನೋಡುತ್ತಾರೆ. ಅದಕ್ಕೂ ಅದರದೇ ಅಪಾಯ ಇದೆ. ಆದರೆ ಒಂದು ಷರತ್ತು. ಮೂಟೆ ಎತ್ತುವಾಗ, ಏರು ಹತ್ತುವಾಗ ಎದೆ ಹಿಡಿದಂತೆ ಆಗಿ, ನಿಂತರೆ ಕಮ್ಮಿಯಾಗುತ್ತಿದೆಯಾ? ಹಾಗಿದ್ದರೆ ಈ ಉತ್ತರ ಪೂರ್ತಿ ಓದುವುದಕ್ಕೂ ಕಾಯಬೇಡಿ. ನಾಳೆಯೇ ಹೃದಯದ ಡಾಕ್ಟರ್ ಹತ್ತಿರ ಹೋಗಿ. ಕೂತಿದ್ದಾಗಲೂ ಹಾಗೆ ಆಗುತ್ತಿದ್ದರೆ ನಾಳೆಗೂ ಕಾಯಬೇಡಿ, ಇವತ್ತೇ ಹೋಗಿ.

ಹಾಸನದ ಸುದ್ದಿಯ ಬಗ್ಗೆ ಎರಡು ಮಾತು. 2025ರ ಮೇ, ಜೂನ್‌ನಲ್ಲಿ ನಮ್ಮ ಜಿಲ್ಲೆಯಲ್ಲಿ ಇಪ್ಪತ್ತಕ್ಕೂ ಜಾಸ್ತಿ ಹಠಾತ್ ಸಾವು ಸುದ್ದಿಯಾದವು. ಅದರಲ್ಲಿ ಚಿಕ್ಕ ವಯಸ್ಸಿನವರೂ ಇದ್ದರು. ಜನ ಹೆದರಿದರು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನ ಜಾವದಿಂದಲೇ ಸಾಲು ನಿಂತಿತು. ಜಯದೇವ ಸಂಸ್ಥೆಯ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸರ್ಕಾರ ತಜ್ಞರ ಸಮಿತಿ ಮಾಡಿತು. ಹಾಸನದಲ್ಲಿ ಹೃದಯಾಘಾತ ಅಸಹಜವಾಗಿ ಏರಿದೆ ಅನ್ನುವುದಕ್ಕೆ ಆಧಾರ ಇಲ್ಲ ಎಂದು ಸಮಿತಿ ಹೇಳಿತು. ಲಸಿಕೆಗೂ ಇದಕ್ಕೂ ಸಂಬಂಧ ಕಾಣಲಿಲ್ಲ. ಕಂಡಿದ್ದು ಬಿಪಿ, ಶುಗರ್, ಬೊಜ್ಜು, ಹೊಗೆಸೊಪ್ಪು, ಕುಡಿತ, ಮನೆಯವರಲ್ಲಿ ಇದ್ದ ಹೃದಯದ ಕಾಯಿಲೆ. ತೀರಿಕೊಂಡವರಲ್ಲಿ ಆಟೊ, ಕ್ಯಾಬ್ ಓಡಿಸುವವರು ಗಮನಿಸುವಷ್ಟು ಇದ್ದರು. ಇದನ್ನು ನಿಮ್ಮನ್ನು ಹೆದರಿಸಲು ಹೇಳುತ್ತಿಲ್ಲ. ಸ್ಟೀರಿಂಗ್ ಹಿಂದೆ ಹತ್ತು ಹನ್ನೆರಡು ಗಂಟೆ ಕೂರುವ ಬದುಕು ಎಂಥದ್ದು ಎಂದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಲಸಿಕೆ ಬಗ್ಗೆ ಅನುಮಾನ ಇನ್ನೂ ಉಳಿದಿದ್ದರೆ ಇದನ್ನೂ ಕೇಳಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ದೇಶದ 47 ಆಸ್ಪತ್ರೆಗಳ ಮೂಲಕ ಒಂದು ಅಧ್ಯಯನ ಮಾಡಿ 2023ರಲ್ಲಿ ಪ್ರಕಟಿಸಿತು. ಚೆನ್ನಾಗಿದ್ದು ಇದ್ದಕ್ಕಿದ್ದಂತೆ ತೀರಿಕೊಂಡ 18ರಿಂದ 45 ವರ್ಷದವರ ಬಗ್ಗೆ ಅದು. ಲಸಿಕೆ ಅಪಾಯ ಹೆಚ್ಚಿಸಿರಲಿಲ್ಲ. ಹೆಚ್ಚಿಸಿದ್ದು ಬೇರೆ: ಮನೆಯಲ್ಲಿ ಯಾರಾದರೂ ಹಠಾತ್ ತೀರಿಕೊಂಡಿದ್ದು, ಕೊರೊನಾ ಬಂದು ಆಸ್ಪತ್ರೆ ಸೇರಿದ್ದು, ಸಾಯುವ ಮುಂಚಿನ 48 ಗಂಟೆಯಲ್ಲಿ ಮಿತಿಮೀರಿ ಕುಡಿದಿದ್ದು, ಮಾದಕ ವಸ್ತು ತಗೊಂಡಿದ್ದು, ವಿಪರೀತ ಶ್ರಮ ಪಟ್ಟಿದ್ದು. ಹಬ್ಬಕ್ಕೋ ಮದುವೆಗೋ ಒಂದೇ ರಾತ್ರಿ ಹೊಟ್ಟೆ ತುಂಬ ಕುಡಿಯುವವರು ನಮ್ಮಲ್ಲಿ ಕಮ್ಮಿ ಇಲ್ಲ. "ದಿನಾ ಕುಡಿಯಲ್ಲ ಸಾರ್, ಅಪರೂಪಕ್ಕೆ" ಅನ್ನುತ್ತಾರೆ. ಆ ಅಪರೂಪದ ರಾತ್ರಿಯೇ ಅಪಾಯದ್ದು.

ಈಗ ಬಿಪಿಗೆ ಬರೋಣ. ಟೆನ್ಷನ್‌ಗೆ ಬಿಪಿ ಏರುವುದು ನಿಜ. ಕ್ಯಾಂಪ್‌ನಲ್ಲಿ ಸಾಲಿನಲ್ಲಿ ನಿಂತು, ಕಾಫಿ ಕುಡಿದು, ಪಕ್ಕದವರ ಜೊತೆ ಮಾತಾಡುತ್ತಾ, ಸ್ವೆಟರ್ ತೋಳು ಮೇಲಕ್ಕೆ ಸರಿಸಿ ನೋಡಿದ ಬಿಪಿ ಹತ್ತು ಹದಿನೈದು ಪಾಯಿಂಟ್ ಜಾಸ್ತಿ ಬರಬಹುದು. ಅದಕ್ಕೇ ಒಂದು ಸಲ ನೋಡಿ ಕಾಯಿಲೆ ಇದೆ ಅಂತಲೂ ಹೇಳಬಾರದು, ಇಲ್ಲ ಅಂತಲೂ ಹೇಳಬಾರದು. ಸರಿಯಾಗಿ ನೋಡಬೇಕು. ಮನೆಗೆ ಒಂದು ಬಿಪಿ ಮಿಷನ್ ತಗೊಳ್ಳಿ. ತೋಳಿಗೆ ಪಟ್ಟಿ ಕಟ್ಟುವಂಥದ್ದೇ ಆಗಲಿ, ಮಣಿಕಟ್ಟಿಗೆ ಕಟ್ಟುವುದು ಬೇಡ. ನಿಮ್ಮ ತೋಳು ದಪ್ಪ ಇದ್ದರೆ ಅಂಗಡಿಯಲ್ಲಿ ದೊಡ್ಡ ಪಟ್ಟಿ ಕೇಳಿ. ಚಿಕ್ಕ ಪಟ್ಟಿ ಸುಳ್ಳು ಲೆಕ್ಕ ಕೊಡುತ್ತದೆ, ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ.

ನೋಡುವ ಕ್ರಮ ಹೀಗೆ. ಅರ್ಧ ಗಂಟೆ ಮುಂಚಿನಿಂದ ಕಾಫಿ, ಸಿಗರೇಟು ಬೇಡ. ಮೂತ್ರ ಮಾಡಿ ಬನ್ನಿ. ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ ಕೂತು, ಪಾದ ನೆಲಕ್ಕೆ ಊರಿ, ಕಾಲ ಮೇಲೆ ಕಾಲು ಹಾಕದೆ, ಐದು ನಿಮಿಷ ಸುಮ್ಮನಿರಿ. ಫೋನೂ ಬೇಡ. ಕೈ ಟೇಬಲ್ ಮೇಲೆ ಇರಲಿ, ಪಟ್ಟಿ ಎದೆಯ ಮಟ್ಟದಲ್ಲಿ ಬರಲಿ, ಬಟ್ಟೆಯ ಮೇಲೆ ಕಟ್ಟಬೇಡಿ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ, ಎರಡನ್ನೂ ಬರೆಯಿರಿ. ಹೀಗೆ ಬೆಳಿಗ್ಗೆ ಮತ್ತು ಸಂಜೆ, ಒಂದು ವಾರ. ಮೊದಲನೇ ದಿನದ ಲೆಕ್ಕ ಬಿಟ್ಟು ಉಳಿದಿದ್ದರ ಸರಾಸರಿ ತೆಗೆಯಿರಿ. ಮನೆಯಲ್ಲಿ ನೋಡಿದ ಸರಾಸರಿ 135/85 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ನಿಮಗೆ ಬಿಪಿ ಇದೆ. ಎರಡು ಸಂಖ್ಯೆಯಲ್ಲಿ ಒಂದು ದಾಟಿದರೂ ಇದೆ ಅಂತಲೇ ಲೆಕ್ಕ. ನಡುವೆ ಯಾವಾಗಲಾದರೂ 180/120 ದಾಟಿದರೆ ವಾರ ಮುಗಿಯಲಿ ಅಂತ ಕೂರಬೇಡಿ. ಆಗ ತಲೆನೋವು, ಎದೆನೋವು, ಕಣ್ಣು ಮಂಜು ಇದ್ದರಂತೂ ನೇರವಾಗಿ ಆಸ್ಪತ್ರೆಗೇ.

ಬಿಪಿ ಇದೆ ಅಂತ ಗೊತ್ತಾದರೆ ಡಾಕ್ಟರ್ ಮಾತ್ರೆ ಬರೆಯಬಹುದು. ಆಗ ನಿಮ್ಮ ಸುತ್ತಲಿನವರು ಏನು ಹೇಳುತ್ತಾರೆ ಅಂತ ನನಗೆ ಗೊತ್ತು. "ಬಿಪಿ ಮಾತ್ರೆ ಒಂದ್ಸಲ ಶುರು ಮಾಡಿದ್ರೆ ಲೈಫ್ ಪೂರ್ತಿ ಬಿಡೋಕಾಗಲ್ಲ, ತಗೋಬೇಡ." ದಯವಿಟ್ಟು ಈ ಮಾತು ಕೇಳಬೇಡಿ. ಮಾತ್ರೆ ಯಾರಿಗೂ ಚಟ ಹತ್ತಿಸುವುದಿಲ್ಲ. ಬಿಪಿ ಅನ್ನುವುದೇ ಉಳಿದುಕೊಳ್ಳುವ ಕಾಯಿಲೆ, ಅದಕ್ಕೆ ಮಾತ್ರೆಯೂ ಉಳಿಯುತ್ತದೆ. ತೂಕ, ಉಪ್ಪು, ಕುಡಿತ ಇಳಿಸಿ ಮಾತ್ರೆಯ ಪ್ರಮಾಣ ಕಮ್ಮಿ ಮಾಡಿಕೊಂಡವರನ್ನೂ ನೋಡಿದ್ದೇನೆ. ಆದರೆ ಅದನ್ನು ಡಾಕ್ಟರ್ ಕಮ್ಮಿ ಮಾಡಬೇಕು. ಬಿಪಿ 124ಕ್ಕೆ ಬಂತು ಅಂತ ಖುಷಿಯಾಗಿ ತಾವೇ ನಿಲ್ಲಿಸಿದವರು ಪಾರ್ಶ್ವವಾಯು ಆಗಿ ಆಸ್ಪತ್ರೆಗೆ ಬರುವುದನ್ನು ನೋಡಿದಾಗ ತುಂಬಾ ಸಂಕಟ ಆಗುತ್ತದೆ. 124 ಬಂದಿದ್ದೇ ಆ ಮಾತ್ರೆಯಿಂದ.

ಬಿಪಿ ಜೊತೆ ಉಪ್ಪಿನ ಮಾತು ಬರಲೇಬೇಕು. ಒಬ್ಬರಿಗೆ ದಿನಕ್ಕೆ 5 ಗ್ರಾಂ ಉಪ್ಪು ಸಾಕು, ಅಂದರೆ ಒಂದು ಟೀ ಚಮಚ. ಅಡುಗೆ ಮಾಡುವವರು ಚಮಚ ಹಿಡಿದು ಅಳೆಯುವುದಿಲ್ಲ, ಅದು ಆಗದ ಮಾತು. ಸುಲಭದ ದಾರಿ ಹೇಳುತ್ತೇನೆ. ಒಂದು ಕೆ.ಜಿ. ಉಪ್ಪಿನ ಪ್ಯಾಕೆಟ್ ಒಡೆದ ದಿನ ಅದರ ಮೇಲೆ ಪೆನ್ನಿನಿಂದ ತಾರೀಖು ಬರೆಯಿರಿ. ನಾಲ್ಕು ಜನರ ಮನೆಗೆ ದಿನಕ್ಕೆ 20 ಗ್ರಾಂ, ತಿಂಗಳಿಗೆ 600 ಗ್ರಾಂ. ಅಂದರೆ ಆ ಪ್ಯಾಕೆಟ್ ಐವತ್ತು ದಿನ ಬರಬೇಕು. ಒಂದೇ ತಿಂಗಳಿಗೆ ಖಾಲಿಯಾದರೆ ತಲೆಗೆ 8 ಗ್ರಾಂ ಮೀರಿ ಹೋಗುತ್ತಿದೆ ಅಂತ ಅರ್ಥ. ಹೊರಗೆ ತಿನ್ನುವ ಬೋಂಡ, ಚಿಪ್ಸ್, ಹೋಟೆಲ್ ಸಾಂಬಾರು ಇದರ ಮೇಲೆ.

ಜಾಸ್ತಿ ಉಪ್ಪು ಎಲ್ಲಿಂದ ಬರುತ್ತದೆ? ನಮ್ಮ ಕಡೆ ಉಪ್ಸಾರಿನ ಜೊತೆ ಖಾರ ಕಲಸುತ್ತಾರೆ, ಅದಕ್ಕೆ ಮತ್ತೆ ಉಪ್ಪು. ಮಜ್ಜಿಗೆಗೆ ಉಪ್ಪು, ಬಾಳಕದ ಮೆಣಸಿನಕಾಯಿಗೆ ಉಪ್ಪು, ಹಪ್ಪಳಕ್ಕೆ ಉಪ್ಪು. ಮಳೆಗಾಲದಲ್ಲಿ ಮಲೆನಾಡಿನ ಮನೆಗಳಲ್ಲಿ ಗಂಜಿ ಉಪ್ಪಿನಕಾಯಿ ಇಲ್ಲದೆ ಇಳಿಯುವುದಿಲ್ಲ. ಉಪ್ಪಿನಕಾಯಿ ಪೂರ್ತಿ ಬಿಡಿ ಅನ್ನುವುದಿಲ್ಲ. ಊಟಕ್ಕೆ ಕೂತ ಮೇಲೆ ತಟ್ಟೆಗೆ ಉಪ್ಪು ಹಾಕಿಕೊಳ್ಳುವುದನ್ನು ಮೊದಲು ನಿಲ್ಲಿಸಿ. ಮಜ್ಜಿಗೆಯ ಉಪ್ಪು ಎರಡನೆಯದು. ಉಪ್ಪಿನಕಾಯಿ ದಿನಕ್ಕೆ ಮೂರು ಹೊತ್ತು ಇದ್ದರೆ ಒಂದು ಹೊತ್ತಿಗೆ ಇಳಿಸಿ. ಎರಡು ಮೂರು ವಾರ ಸಪ್ಪೆ ಅನ್ನಿಸುತ್ತದೆ, ಆಮೇಲೆ ನಾಲಿಗೆ ಒಗ್ಗಿಕೊಳ್ಳುತ್ತದೆ. ಕಲ್ಲುಪ್ಪು, ಸೈಂಧವ ಲವಣ ಅಂತ ಬದಲಾಯಿಸಿದರೆ ಬಿಪಿಗೆ ಏನೂ ಲಾಭ ಇಲ್ಲ, ಅವೂ ಉಪ್ಪೇ. ಪೊಟ್ಯಾಸಿಯಂ ಸೇರಿಸಿದ ಕಮ್ಮಿ ಸೋಡಿಯಂ ಉಪ್ಪು ಬಿಪಿ ಇಳಿಸುತ್ತದೆ. ಆದರೆ ಮೂತ್ರಪಿಂಡದ ತೊಂದರೆ ಇರುವವರಿಗೆ, ಕೆಲವು ಬಿಪಿ ಮಾತ್ರೆ ತಗೊಳ್ಳುವವರಿಗೆ ಅದು ಅಪಾಯ. ಮೂತ್ರಪಿಂಡ ಸರಿಯಿದೆಯೇ ಎಂದು ತೋರಿಸುವ ಕ್ರಿಯಾಟಿನಿನ್ ರಕ್ತ ಪರೀಕ್ಷೆ ಮಾಡಿಸಿ, ಡಾಕ್ಟರನ್ನು ಕೇಳಿಯೇ ತನ್ನಿ.

ಸಿಗರೇಟು. "ನಾಲ್ಕೈದು, ಅಷ್ಟೇ" ಎಂದು ಬರೆದಿದ್ದೀರಿ. ಹೃದಯದ ವಿಷಯದಲ್ಲಿ ಆ "ಅಷ್ಟೇ" ನಡೆಯುವುದಿಲ್ಲ. ಪುಪ್ಪುಸದ ಕ್ಯಾನ್ಸರ್ ಅಪಾಯ ಸೇದಿದಷ್ಟೂ ಏರುತ್ತಾ ಹೋಗುತ್ತದೆ. ಹೃದಯಕ್ಕೆ ಹಾಗಲ್ಲ. ದಿನಕ್ಕೆ ಒಂದೇ ಸಿಗರೇಟು ಸೇದುವವರಿಗೂ, ಇಪ್ಪತ್ತು ಸೇದುವವರಿಗೆ ಇರುವ ಹೆಚ್ಚುವರಿ ಅಪಾಯದ ಹೆಚ್ಚೂ ಕಮ್ಮಿ ಅರ್ಧ ಇರುತ್ತದೆ. ಹೊಗೆ ತಾಗಿದ ಕೂಡಲೇ ರಕ್ತನಾಳ ಬಿಗಿಯುತ್ತದೆ, ರಕ್ತ ಬೇಗ ಹೆಪ್ಪುಗಟ್ಟುವಂತಾಗುತ್ತದೆ. ಅದಕ್ಕೆ ಇಪ್ಪತ್ತು ಸಿಗರೇಟು ಬೇಕಿಲ್ಲ. ಹಾಗಾಗಿ ಐದರಿಂದ ಎರಡಕ್ಕೆ ಇಳಿಸಿದೆ ಅಂತ ಸಮಾಧಾನ ಪಟ್ಟುಕೊಳ್ಳಬೇಡಿ. ಸೊನ್ನೆಗೆ ಬರಬೇಕು. ಒಳ್ಳೆಯ ಸುದ್ದಿ ಏನೆಂದರೆ, ಬಿಟ್ಟ ಒಂದು ವರ್ಷಕ್ಕೆ ಹೃದಯದ ಹೆಚ್ಚುವರಿ ಅಪಾಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. ನೀವು ತಗೊಳ್ಳಬಹುದಾದ ಯಾವ ಮಾತ್ರೆಯೂ ಒಂದು ಪೈಸೆ ಖರ್ಚಿಲ್ಲದೆ ಇಷ್ಟು ಲಾಭ ಕೊಡುವುದಿಲ್ಲ.

ರಾತ್ರಿ ಗಾಡಿ ಓಡಿಸುವವರು ನಿದ್ದೆ ತಡೆಯಲು ಸೇದುತ್ತಾರೆ ಅಂತ ಗೊತ್ತು. ಸಿಗರೇಟು ಬಿಟ್ಟು ಕಡ್ಡಿಪುಡಿಗೋ ಹೊಗೆಸೊಪ್ಪಿನ ಎಲೆಅಡಿಕೆಗೋ ಹೋಗುವವರೂ ಇದ್ದಾರೆ. ಅದರಲ್ಲೂ ನಿಕೋಟಿನ್ ಇದೆ, ಬಾಯಿ ಕ್ಯಾನ್ಸರ್ ಬೇರೆ. ಅಡಿಕೆಯನ್ನು ಬರೀ ಅಡಿಕೆಯಾಗಿ ತಿಂದರೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ಅಡಿಕೆ ಬೆಳೆಯುವ ನಾಡಿನಲ್ಲಿ, ರಾಮನಾಥಪುರದಲ್ಲಿ ತಂಬಾಕು ಹರಾಜು ನಡೆಯುವ ಜಿಲ್ಲೆಯಲ್ಲಿ ಕೂತು ಇದನ್ನು ಬರೆಯುವುದು ನನಗೂ ಸುಲಭವಲ್ಲ. ಎಷ್ಟೋ ಮನೆಗಳ ಅನ್ನ ಅದರಲ್ಲಿದೆ. ಆದರೂ ಹೇಳಲೇಬೇಕು. ಬಿಡಲು ಸಹಾಯ ಬೇಕಿದ್ದರೆ 1800-11-2356ಕ್ಕೆ ಫೋನ್ ಮಾಡಿ. ಅದು ತಂಬಾಕು ಬಿಡಿಸುವ ರಾಷ್ಟ್ರೀಯ ಸಹಾಯವಾಣಿ, ದುಡ್ಡಿಲ್ಲ. ನಿಕೋಟಿನ್ ಗಮ್, ಮಾತ್ರೆಗಳೂ ಇವೆ, ಡಾಕ್ಟರ್ ಹತ್ತಿರ ನಾಚಿಕೆ ಇಲ್ಲದೆ ಕೇಳಿ. ಮೊದಲ ಸಲ ಬಿಟ್ಟು ಮತ್ತೆ ಸೇದಿದರೆ ಸೋತೆ ಅಂದುಕೊಳ್ಳಬೇಡಿ. ಬಿಟ್ಟವರಲ್ಲಿ ಹೆಚ್ಚಿನವರು ಒಂದೇ ಸಲಕ್ಕೆ ಬಿಟ್ಟವರಲ್ಲ.

ನೀವು ಕೇಳದೇ ಇದ್ದ, ಆದರೆ ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ವಿಷಯ ಇನ್ನೊಂದಿದೆ. ಎದೆನೋವು ಬಂದ ಮೊದಲ ಒಂದು ಗಂಟೆ.

ನಮ್ಮ ಕಡೆ ಏನಾಗುತ್ತದೆ ಗೊತ್ತಾ? ರಾತ್ರಿ ಹನ್ನೊಂದು ಗಂಟೆಗೆ ಎದೆಯ ನಡುವೆ ಕಲ್ಲಿಟ್ಟಂತೆ ಆಗುತ್ತದೆ. "ಗ್ಯಾಸ್ ಇರಬೇಕು" ಅನ್ನುತ್ತಾರೆ. ಮೊದಲು ಜೀರಿಗೆ ಕಷಾಯ. ಆಮೇಲೆ ಈನೋ. ಒಂದು ತೇಗು ಬರುತ್ತದೆ, "ನೋಡು, ಗ್ಯಾಸೇ" ಅಂತ ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ಎದೆ ಉಜ್ಜುತ್ತಾರೆ. ಮೈ ಬೆವರುತ್ತಿರುತ್ತದೆ, ಫ್ಯಾನ್ ಹಾಕುತ್ತಾರೆ. ಬೆಳಗಾಗಲಿ ನೋಡೋಣ ಅನ್ನುತ್ತಾರೆ. ಬೆಳಗಾಗುವ ಹೊತ್ತಿಗೆ ಹೃದಯದ ಸ್ನಾಯು ದೊಡ್ಡ ಪಾಲು ಸತ್ತಿರುತ್ತದೆ. ಅದು ಮತ್ತೆ ಬೆಳೆಯುವುದಿಲ್ಲ. ತೇಗು ಬಂದರೆ ಹಾರ್ಟ್ ಅಟ್ಯಾಕ್ ಅಲ್ಲ ಅನ್ನುವುದು ತಪ್ಪು. ಹೃದಯದ ಕೆಳಭಾಗ ಎದೆ, ಹೊಟ್ಟೆಯನ್ನು ಬೇರೆ ಮಾಡುವ ಪದರಕ್ಕೆ, ಅಂದರೆ ವಪೆಗೆ ಅಂಟಿಕೊಂಡೇ ಕೂತಿದೆ. ಅಲ್ಲಿ ಅಟ್ಯಾಕ್ ಆದರೆ ಮೇಲ್ಹೊಟ್ಟೆ ನೋವು, ವಾಕರಿಕೆ, ವಾಂತಿಯೇ ಮುಂದೆ ಕಾಣುತ್ತದೆ.

ಎದೆಯ ನಡುವೆ ಹಿಂಡಿದಂತೆ, ಭಾರ ಇಟ್ಟಂತೆ ಆಗುವುದು, ನೋವು ಎಡಗೈಗೆ, ಎರಡೂ ಕೈಗೆ, ದವಡೆಗೆ, ಬೆನ್ನಿಗೆ ಹರಡುವುದು, ತಣ್ಣನೆ ಬೆವರು, ಉಸಿರು ಕಟ್ಟುವುದು. ಐದು ಹತ್ತು ನಿಮಿಷದಲ್ಲಿ ಹೋಗದಿದ್ದರೆ ಅದನ್ನು ಹಾರ್ಟ್ ಅಟ್ಯಾಕ್ ಅಂತಲೇ ತಿಳಿಯಿರಿ. ಶುಗರ್ ಇರುವವರಿಗೆ, ಹೆಂಗಸರಿಗೆ ನೋವೇ ಇಲ್ಲದೆ ಬರೀ ಸುಸ್ತು, ಬೆವರು, ಉಬ್ಬಸ ಬರಬಹುದು. ಎಷ್ಟೋ ಹೆಂಗಸರು "ಕೆಲಸ ಜಾಸ್ತಿಯಾಗಿತ್ತು" ಅಂತ ಮಲಗಿಬಿಡುತ್ತಾರೆ.

ಆಗ ಮಾಡಬೇಕಾದ್ದು: ಕೂರಿಸಿ, ನಡೆಸಬೇಡಿ. 108ಕ್ಕೆ ಫೋನ್ ಮಾಡಿ. ಆಸ್ಪಿರಿನ್ ಅಲರ್ಜಿ ಇಲ್ಲದಿದ್ದರೆ, ಹೊಟ್ಟೆಯಲ್ಲಿ ರಕ್ತಸ್ರಾವ, ಮೆದುಳಿನ ರಕ್ತಸ್ರಾವ ಆಗಿಲ್ಲದಿದ್ದರೆ, 300 ಮಿ.ಗ್ರಾಂ ಆಸ್ಪಿರಿನ್ ಅಗಿದು ನುಂಗಲಿ. ಮನೆಯಲ್ಲಿ 75ರ ಮಾತ್ರೆ ಇದ್ದರೆ ನಾಲ್ಕು. ನಾಲಿಗೆ ಕೆಳಗೆ ಇಡುವ ಸಾರ್ಬಿಟ್ರೇಟ್ ಮಾತ್ರೆಯನ್ನು ಎಲ್ಲರೂ ಜೇಬಲ್ಲಿ ಇಟ್ಟುಕೊಳ್ಳಿ ಅನ್ನುವ ಮೆಸೇಜ್ ವಾಟ್ಸಾಪ್‌ನಲ್ಲಿ ಓಡಾಡುತ್ತದೆ. ನಿಮಗೆ ಅಂತಲೇ ಡಾಕ್ಟರ್ ಬರೆದುಕೊಟ್ಟಿದ್ದರೆ ಮಾತ್ರ ಅದು. ಇಲ್ಲದಿದ್ದರೆ ಬಿಪಿ ದಿಢೀರನೆ ಬಿದ್ದು ಜೀವಕ್ಕೇ ಕುತ್ತು ಬರಬಹುದು. ಜೋರಾಗಿ ಕೆಮ್ಮಿದರೆ ಅಟ್ಯಾಕ್ ನಿಲ್ಲುತ್ತದೆ ಅನ್ನುವುದೂ ಸುಳ್ಳು. ಪ್ರಜ್ಞೆ ತಪ್ಪಿ ಉಸಿರು ನಿಂತರೆ, ಎದೆಯ ನಡುವೆ ಎರಡೂ ಕೈ ಇಟ್ಟು ಕನಿಷ್ಠ ಐದು ಸೆಂಟಿಮೀಟರ್ ಕೆಳಗೆ ಹೋಗುವಂತೆ ಒತ್ತಿ. ನಿಮಿಷಕ್ಕೆ 100ರಿಂದ 120 ಸಲ, ಸಹಾಯ ಬರುವ ತನಕ ನಿಲ್ಲಿಸದೆ.

ಇನ್ನು ಎಲ್ಲಿಗೆ ಹೋಗಬೇಕು? ಜನ ನೇರವಾಗಿ ಬೆಂಗಳೂರು, ಮೈಸೂರು ಅಂತ ಹೊರಡುತ್ತಾರೆ. ಹಾಸನದಿಂದ ಬೆಂಗಳೂರಿಗೆ ಮೂರು ಗಂಟೆಗೆ ಕಮ್ಮಿ ಇಲ್ಲ. ಅಷ್ಟು ಹೊತ್ತು ಹೃದಯ ಕಾಯುವುದಿಲ್ಲ. ಹತ್ತಿರದ ಆಸ್ಪತ್ರೆಗೇ ಹೋಗಿ. 2023ರ ಕೊನೆಯಲ್ಲಿ ಶುರುವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸಿ, ಬೇಕಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ಹತ್ತಾರು ಸಾವಿರ ಬೆಲೆಯ ಇಂಜೆಕ್ಷನ್ ಅದು. ಬೇಗ ಕೊಟ್ಟಷ್ಟೂ ಒಳ್ಳೆಯದು. ಅದನ್ನು ಕೊಟ್ಟ ಮೇಲೆ ಮುಂದಿನ ಆಸ್ಪತ್ರೆಗೆ ಸಾಗಿಸುತ್ತಾರೆ. ನೀವು ಒಂದು ದಿನ ಬಿಡುವು ಮಾಡಿಕೊಂಡು ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಹೋಗಿ ಕೇಳಿ. ರಾತ್ರಿ ಹೊತ್ತು ಇಸಿಜಿ ತೆಗೆಯುತ್ತಾರಾ, ಆ ಇಂಜೆಕ್ಷನ್ ಇದೆಯಾ. ಎಸ್ಟೇಟ್ ಒಳಗಿನ ಮನೆಗೆ ಆಂಬುಲೆನ್ಸ್ ಬರುವುದು ಕಷ್ಟ ಇದ್ದರೆ, ರಾತ್ರಿ ಆನೆ ಓಡಾಡುವ ದಾರಿ ಇದ್ದರೆ, ಯಾರ ಜೀಪು, ಯಾರಿಗೆ ಫೋನ್, ಎಲ್ಲಿವರೆಗೆ ಬಂದರೆ ಆಂಬುಲೆನ್ಸ್ ಸಿಗುತ್ತದೆ ಅಂತ ಮನೆಯವರೆಲ್ಲ ಇವತ್ತೇ ಮಾತಾಡಿ ಇಟ್ಟುಕೊಳ್ಳಿ. ನೀವು ಗಾಡಿಯಲ್ಲಿ ಇರುವಾಗ ಹೀಗಾದರೆ, ದೋಣಿಗಲ್ ದಾಟಿ ಶಿರಾಡಿ ಇಳಿಯುತ್ತಿದ್ದರೂ ಸರಿ, ಪಕ್ಕಕ್ಕೆ ಹಾಕಿ ನಿಲ್ಲಿಸಿ. "ಗುಂಡ್ಯದವರೆಗೆ ಹೋಗಿಬಿಡುತ್ತೇನೆ" ಅನ್ನಬೇಡಿ. ಘಾಟಿಯಲ್ಲಿ ಎಷ್ಟೋ ಕಡೆ ಸಿಗ್ನಲ್ ಸಿಗುವುದಿಲ್ಲ. ಹಿಂದೆ ಬರುವ ಗಾಡಿಗೆ ಕೈ ಹಿಡಿಯಿರಿ. ಚಾಲಕರು ಚಾಲಕರನ್ನು ಬಿಟ್ಟು ಹೋಗುವುದಿಲ್ಲ.

ತೆಂಗಿನಕಾಯಿ, ಕಾಫಿ ಬಂದ್ ಮಾಡುವುದು ಬೇಡ ಅಂತ ನಿಮ್ಮ ಮನೆಯವರಿಗೆ ಹೇಳಿ. ಪಲ್ಯದ ಮೇಲೆ ಉದುರಿಸುವ ಒಂದೆರಡು ಚಮಚ ಕಾಯಿತುರಿಯಿಂದ ಏನೂ ಆಗುವುದಿಲ್ಲ. ಕರಿಯಲು, ಒಗ್ಗರಣೆಗೆ ದಿನವೂ ಕೊಬ್ಬರಿ ಎಣ್ಣೆ ಅಥವಾ ಪಾಮ್ ಎಣ್ಣೆ ಬಳಸುತ್ತಿದ್ದರೆ ಅದನ್ನು ಕಡಲೆಕಾಯಿ, ಸೂರ್ಯಕಾಂತಿ ಎಣ್ಣೆಗೆ ಬದಲಾಯಿಸಿ, ಅಳತೆಯೂ ಇಳಿಯಲಿ. ಹೆದ್ದಾರಿ ಬದಿಯಲ್ಲಿ ಕಪ್ಪಾದ ಎಣ್ಣೆಯಲ್ಲಿ ಕರಿದ ಬೋಂಡ, ಬೇಕರಿಯ ಪಫ್ಸ್ ಇವೇ ನಿಮ್ಮ ದಿನದ ತಿಂಡಿ ಆಗಿದ್ದರೆ ಚಿಂತೆ ಅಲ್ಲಿದೆ. ಬೆಂಗಳೂರಿನ ಎಷ್ಟೋ ಅಯ್ಯಂಗಾರ್ ಬೇಕರಿಗಳ ಮೂಲ ನಮ್ಮ ಹಾಸನವೇ, ನನಗೂ ಅದರ ಹೆಮ್ಮೆ ಇದೆ. ಆದರೂ ಅದು ವಾರಕ್ಕೊಮ್ಮೆ ಸಾಕು.

ಕಾಫಿಯಲ್ಲಿ ತೊಂದರೆ ಕಾಫಿಪುಡಿಯದಲ್ಲ, ಸಕ್ಕರೆಯದು. ದಿನಕ್ಕೆ ಐದು ಲೋಟ, ಒಂದೊಂದಕ್ಕೆ ಎರಡು ಚಮಚ ಅಂದರೆ 40 ಗ್ರಾಂ. ವರ್ಷಕ್ಕೆ ಹದಿನಾಲ್ಕು ಕೆ.ಜಿ. ಮೀರುತ್ತದೆ, ಬರೀ ಕಾಫಿಯಲ್ಲಿ! ಮೂರು ಲೋಟಕ್ಕೆ ಇಳಿಸಿ, ಸಕ್ಕರೆ ಅರ್ಧ ಚಮಚಕ್ಕೆ ತನ್ನಿ. ಬೆಲ್ಲ ಹಾಕಿದರೂ ಲೆಕ್ಕ ಅದೇ. ಮುದ್ದೆ ಬಿಡಬೇಡಿ. ಆದರೆ ರಾಗಿ ಅಂತ ಎಷ್ಟು ಬೇಕಾದರೂ ತಿನ್ನಬಹುದು ಅನ್ನುವುದು ಸರಿಯಲ್ಲ, ಅದೂ ಪಿಷ್ಟವೇ. ಮುದ್ದೆ ಚಿಕ್ಕದಾಗಲಿ, ಬಸ್ಸಾರಿನ ಸೊಪ್ಪು ಕಾಳು ಜಾಸ್ತಿಯಾಗಲಿ. ಅವರೆಕಾಳಿನ ಕಾಲದಲ್ಲಂತೂ ಇದು ಕಷ್ಟವೇ ಅಲ್ಲ.

ನಡಿಗೆ ವಾರಕ್ಕೆ 150 ನಿಮಿಷ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಬಿರುಸು. ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ನಡೆದರೆ ಶುಗರ್ ಏರುವುದೂ ಕಮ್ಮಿಯಾಗುತ್ತದೆ. ಲೋಡ್ ಇಳಿಸುವಾಗ ಕ್ಯಾಬಿನ್‌ನಲ್ಲಿ ಮಲಗುವ ಬದಲು ಗೋಡೌನ್ ಸುತ್ತಿ ಬನ್ನಿ. ಮೂಟೆ ಎತ್ತುತ್ತೇನಲ್ಲ, ಅದೇ ವ್ಯಾಯಾಮ ಅನ್ನಬೇಡಿ, ಅದು ನಡಿಗೆಯ ಕೆಲಸ ಮಾಡುವುದಿಲ್ಲ. ವರ್ಷಗಟ್ಟಲೆ ಕೂತಿದ್ದು ಒಂದೇ ದಿನ ಜಿಮ್‌ಗೆ ಹೋಗಿ ಭಾರ ಎತ್ತುವುದೂ ಬೇಡ. ಗೊರಕೆ ಜೋರಾಗಿದ್ದು, ನಡುವೆ ಉಸಿರು ನಿಂತಂತಾಗುತ್ತದೆ ಅಂತ ಮನೆಯವರು ಹೇಳಿದರೆ, ಹಗಲು ಸ್ಟೀರಿಂಗ್ ಮೇಲೆ ತೂಕಡಿಕೆ ಬಂದರೆ ಡಾಕ್ಟರಿಗೆ ತಪ್ಪದೆ ಹೇಳಿ. ಅದೂ ಬಿಪಿ ಏರಿಸುತ್ತದೆ.

ಪರೀಕ್ಷೆ ಏನೇನು ಬೇಕು ಅಂದರೆ ಎಪ್ಪತ್ತು ಎಂಬತ್ತು ಪರೀಕ್ಷೆಗಳ ಪ್ಯಾಕೇಜ್ ಬೇಡ. ಅದರಲ್ಲಿ ಯಾವುದೋ ಒಂದು ಸುಮ್ನೆ ಆಚೀಚೆ ಬರುತ್ತದೆ, ಅದರ ಹಿಂದೆ ಓಡುತ್ತೀರಿ. ಖಾಲಿ ಹೊಟ್ಟೆಯ ಶುಗರ್, ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಶುಗರ್ ಸರಾಸರಿ), ಕೊಲೆಸ್ಟ್ರಾಲ್, ಕ್ರಿಯಾಟಿನಿನ್, ಮೂತ್ರದಲ್ಲಿ ಪ್ರೋಟೀನ್, ಇಷ್ಟು ಸಾಕು. ಖಾಲಿ ಹೊಟ್ಟೆಯಲ್ಲಿ 100ರಿಂದ 125 ಇದ್ದರೆ ಶುಗರ್ ಬಾಗಿಲಲ್ಲಿ ನಿಂತಿದೆ, 126 ಮುಟ್ಟಿದರೆ ಇನ್ನೊಮ್ಮೆ ಪರೀಕ್ಷಿಸಿ ಖಚಿತ ಮಾಡುತ್ತಾರೆ. ನಿಮ್ಮ ತಂದೆ 55ರ ಒಳಗೆ ಹೃದಯಾಘಾತದಿಂದ ಹೋದದ್ದನ್ನು ಡಾಕ್ಟರಿಗೆ ಹೇಳಿ, ಲೈಪೊಪ್ರೋಟೀನ್ ಎ ಪರೀಕ್ಷೆ ಜೀವನದಲ್ಲಿ ಒಂದು ಸಲ ಮಾಡಿಸಿ. ಅದು ವಂಶದಿಂದ ಬರುವ, ರಕ್ತದಲ್ಲಿನ ಒಂದು ಬಗೆಯ ಕೊಬ್ಬು, ಸಾಮಾನ್ಯ ಕೊಲೆಸ್ಟ್ರಾಲ್ ಪರೀಕ್ಷೆಯಲ್ಲಿ ಕಾಣುವುದಿಲ್ಲ. ಮನೆಯಲ್ಲಿ ಹೊಕ್ಕುಳ ಮಟ್ಟದಲ್ಲಿ ಟೇಪು ಹಿಡಿದು ಸೊಂಟ ಅಳೆಯಿರಿ. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು. ನಿಮ್ಮ ಮನೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಬಸುರಿಯಾಗಿದ್ದಾಗ ಬಿಪಿ ಅಥವಾ ಶುಗರ್ ಬಂದಿದ್ದರೆ ಮುಂದೆ ಹೃದಯದ ತೊಂದರೆ ಬರುವ ಸಾಧ್ಯತೆ ಜಾಸ್ತಿ. ಅದನ್ನು ಅವರೇ ಮರೆತಿರುತ್ತಾರೆ, ಕೇಳಿ ನೆನಪಿಸಿ. 30 ದಾಟಿದ ಎಲ್ಲರಿಗೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ, ಶುಗರ್ ಉಚಿತವಾಗಿ ನೋಡುತ್ತಾರೆ.

ಕೊನೆಯದಾಗಿ ಮಗನ ವಿಷಯ. ಅವನಿಗೆ ಇಸಿಜಿ, ಸ್ಕ್ಯಾನ್ ಬೇಡ. ಓಡುವಾಗ ತಲೆ ತಿರುಗಿ ಬೀಳುವುದು, ಎದೆ ನೋಯುವುದು ಆಗಿದ್ದರೆ ಮಾತ್ರ ಬೇಕು. ಕೊಲೆಸ್ಟ್ರಾಲ್ ಒಂದು ಸಲ ನೋಡಿಸಿ. ಅಜ್ಜ ಚಿಕ್ಕ ವಯಸ್ಸಿನಲ್ಲಿ ಹೋದ ಮನೆಯ ಮಕ್ಕಳಿಗೆ ಅದು ಬೇಕಾಗುತ್ತದೆ. ಅದರಲ್ಲೂ ನಿಮ್ಮ ರಿಪೋರ್ಟ್‌ನಲ್ಲಿ ಎಲ್‌ಡಿಎಲ್ ಅನ್ನುವ ಕೆಟ್ಟ ಕೊಲೆಸ್ಟ್ರಾಲ್ 190 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ತಡ ಮಾಡಬೇಡಿ. ಕೆಲವು ಮನೆಗಳಲ್ಲಿ ಕೊಲೆಸ್ಟ್ರಾಲ್ ಹುಟ್ಟಿನಿಂದಲೇ ಜಾಸ್ತಿ ಇರುತ್ತದೆ. ಊಟ ಎಷ್ಟೇ ಸರಿ ಮಾಡಿದರೂ ಇಳಿಯುವುದಿಲ್ಲ, ಔಷಧಿ ಬೇಕಾಗುತ್ತದೆ. ನಿಮ್ಮ ಅಣ್ಣತಮ್ಮಂದಿರು, ಅಕ್ಕತಂಗಿಯರೂ ಆಗ ರಕ್ತ ಪರೀಕ್ಷೆ ಮಾಡಿಸಬೇಕು. ನಿಮ್ಮ ರಿಪೋರ್ಟ್ ಬಂದ ಮೇಲೆ, ಒಂದು ವಾರದ ಬಿಪಿ ಲೆಕ್ಕವನ್ನೂ ಜೊತೆಗೆ ಇಟ್ಟು, ಮತ್ತೆ ಬರೆಯಿರಿ.